ನಡುಡಬ್ಬ

ಆ ವರ್ಷ ಮಳೆಗಾಲ ಶುರುವಾಗಿ ಇಡೀ ಬೀದಿ ಕೊಚ್ಚೆಯಾಗಿದ್ದರೂ ಮಂದಾಕಿನಿಯ ಮನೆಯ ಮೇಲೆ ಮಾತ್ರ ವೈಶಾಖದ ಬಿಸಿಲು ಹಾಗೇ ನಿಂತಿತ್ತು. ಪೋಸ್ಟಿನವನು ನನ್ನ ಗೇಟಿನ ತನಕ ಛತ್ರಿ ಹಿಡಿದುಕೊಂಡು ಬಂದು, ಬೀದಿ ದಾಟಿ ಅವಳ ಗೇಟಿನೆದುರು ಅದನ್ನು ಮಡಚಿ, ಕಾಗದ ಕೊಟ್ಟು, ಪಕ್ಕದ ಮನೆಗೆ ಹೊರಡುವಾಗ ಮತ್ತೆ ಬಿಚ್ಚುತ್ತಿದ್ದ. "ಈ ಬೀದೀಲಿ ಬಿಚ್ಚಿ ಮಡಚಿ ನನ್ ಛತ್ರಿ ಕಡ್ಡೀನೇ ಮುರಿದುಹೋಯ್ತಲ್ಲಮ್ಮಾ" ಎಂದು ಒಂದು ದಿನ ಗೊಣಗಿದ. ನಾನು ಎದುರುಮನೆಯವಳು, ಪಂಕಜಮ್ಮ. ನನಗಂತೂ ಆ ಬಿಸಿಲಿನಿಂದ ಲಾಭವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಒದ್ದೆ ಬಟ್ಟೆ, ಸಂಡಿಗೆ, ಹಪ್ಪಳ, ಮುಗ್ಗಲು ಹಿಡಿದ ಹಾಸಿಗೆ ಎಲ್ಲವನ್ನೂ ಅವಳ ತಾರಸಿಗೆ ಸಾಗಿಸುತ್ತಿದ್ದೆ. ಬೀದಿಯ ಉಳಿದ ಹೆಂಗಸರೂ ಅಷ್ಟೆ. "ಅಯ್ಯೋ ಪಾಪ, ಇನ್ನೂ ಮಳೆ ಬರ್ಲಿಲ್ವಾ ನಿಮಗೆ" ಅನ್ನುತ್ತಲೇ ಬಟ್ಟೆಯ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

ನಮ್ಮೂರಿನಲ್ಲಿ ಬಾಗಿಲಿಗೆ ತೋರಣ ಕಟ್ಟದೆ ಯಾವ ಕಾಲವೂ ಮನೆಗೆ ಬರುವುದಿಲ್ಲ. ಮಾವಿನೆಲೆಯ ತೋರಣವಲ್ಲ, ಡಬ್ಬಿಗಳ ತೋರಣ. ಆ ಮನೆಯಲ್ಲೇ ಖಾಲಿಯಾದ ಎಣ್ಣೆಯ ಕ್ಯಾನು, ಶಾಂಪೂ ಬಾಟಲಿ, ಹಾಲಿನ ಕವರು, ಪೌಡರ್ ಡಬ್ಬಿ, ಮಾತ್ರೆಯ ಹಾಳೆ, ಇವುಗಳಿಂದ ಮಕ್ಕಳು ಕೂತು ಮಾಡಬೇಕು. ದೊಡ್ಡವರು ತೂತು ಕೊರೆದುಕೊಡಬಹುದು, ದಾರ ಪೋಣಿಸುವ ಹಾಗಿಲ್ಲ. ಬೇಸಿಗೆಗೆ ಬೀಸಣಿಗೆ, ಚಳಿಗೆ ಉಣ್ಣೆ ಸುತ್ತಿದ ಬಿರಡೆ, ಮಳೆಗೆ ಬಾಟಲಿಯಿಂದ ಕತ್ತರಿಸಿದ ಹನಿಗಳು. ಮಳೆಯ ತೋರಣಕ್ಕೆ ಇನ್ನೊಂದು ಬೇಕು. ನಟ್ಟನಡುವೆ ಒಂದು ದೊಡ್ಡ ಡಬ್ಬ ಬಾಯಿ ಮೇಲಾಗಿ ತೂಗಬೇಕು. ತಳದಲ್ಲಿ ತೂತು ಮಾಡಿರುತ್ತಾರೆ, ಮೊದಲ ಮಳೆ ಅದರೊಳಗೆ ಬಿದ್ದು ಸೋರಿ ಹೊಸಿಲಿಗೆ ಇಳಿಯಬೇಕು. ಆ ಡಬ್ಬದಿಂದ ಮನೆಯಲ್ಲಿರುವ ಅಷ್ಟೂ ಜನ ತಿಂದಿರಬೇಕು, ತಿಂದು ಖಾಲಿ ಮಾಡಿರಬೇಕು. ಅದಕ್ಕೆ ನಡುಡಬ್ಬ ಅನ್ನುತ್ತೇವೆ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಚಕ್ಕುಲಿ ಡಬ್ಬವೇ ನಡುಡಬ್ಬ, ನಮ್ಮವರ ದಯೆಯಿಂದ ಅದು ಖಾಲಿಯಾಗಲು ಒಂದು ವಾರವೂ ಬೇಡ.

ಮಂದಾಕಿನಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುವ ಕೆಲಸದವಳು. ಮದುವೆಯಾಗಿರಲಿಲ್ಲ. ಒಬ್ಬಳೇ ಇದ್ದಾಗ ಅವಳು ತಿಂದು ಮುಗಿಸಿದ ಯಾವ ಡಬ್ಬವಾದರೂ ನಡುಡಬ್ಬವೇ, ಪೋಣಿಸುವುದಕ್ಕೆ ನಮ್ಮ ಮನೆಯ ಹುಡುಗರನ್ನು ಕರೆಯುತ್ತಿದ್ದಳು. ಪುಷ್ಯಮಾಸದಲ್ಲಿ ಅವಳ ಅಕ್ಕ ವತ್ಸಲೆ ಜ್ವರ ಬಂದು ತೀರಿಕೊಂಡಳು. ಅಕ್ಕನ ಗಂಡ ಅದಕ್ಕೂ ಮೊದಲೇ ಹೋಗಿದ್ದ. ಹತ್ತು ವರ್ಷದ ಕುಮುದಾ, ಆರು ವರ್ಷದ ಅಚ್ಚು, ಇಬ್ಬರೂ ಒಂದು ಬಟ್ಟೆಯ ಚೀಲ ಮತ್ತು ಒಂದು ದೊಡ್ಡ ಬಿಸ್ಕತ್ತಿನ ಡಬ್ಬ ಹೊತ್ತು ಚಿಕ್ಕಮ್ಮನ ಮನೆಗೆ ಬಂದರು. ಡಬ್ಬದ ತುಂಬ ವತ್ಸಲೆ ಮಲಗುವುದಕ್ಕೆ ಮುಂಚಿನ ವಾರ ಕುಟ್ಟಿದ್ದ ಚಟ್ನಿಪುಡಿ ಇತ್ತು. ಮಂದಾಕಿನಿ ಅದನ್ನು ಅಡುಗೆಮನೆಯ ಮೇಲಿನ ಅಟ್ಟಣಿಗೆಯಲ್ಲಿಟ್ಟು, "ಇದನ್ನ ಯಾರೂ ಮುಟ್ಟಬಾರದು. ನೀವು ಸ್ವಲ್ಪ ದೊಡ್ಡವರಾಗಿ, ಆಗ ಒಂದೊಂದು ಚಮಚ ಹಾಕ್ತೀನಿ" ಅಂದಳು. ಮಕ್ಕಳು ತಲೆಯಾಡಿಸಿದರು.

ಮಕ್ಕಳು ತಲೆಯಾಡಿಸುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಊಟಕ್ಕೆ ಕರೆದರೆ ಬಂದು ಕೂರುವರು, ಅನ್ನಕ್ಕೆ ಹಾಲು ಹಾಕಿಸಿಕೊಂಡು ನಾಲ್ಕು ತುತ್ತು ನುಂಗಿ, ಸಾಕು ಅನ್ನುವರು. ಮಂದಾಕಿನಿ ಉಂಡೆ ಕಟ್ಟಿದಳು, ಅವಲಕ್ಕಿ ಒಗ್ಗರಿಸಿದಳು, ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತಂದಳು. "ಹಸಿವಿಲ್ಲ ಚಿಕ್ಕಮ್ಮ." ಎಲ್ಲದಕ್ಕೂ ಕುಮುದಾಳದು ಇದೊಂದೇ ಉತ್ತರ, ಅಕ್ಕ ಏನು ಹೇಳಿದರೆ ತಮ್ಮನದೂ ಅದೇ. ನೆಂಟರ ಮನೆಗೆ ಎರಡು ದಿನಕ್ಕೆ ಬಂದವರ ಹಾಗೆ ಚೀಲದಲ್ಲೇ ಬಟ್ಟೆ ಇಟ್ಟುಕೊಂಡಿದ್ದರು.

ಜ್ಯೇಷ್ಠದಲ್ಲಿ ಮಕ್ಕಳ ದೊಡ್ಡಪ್ಪ ಶೇಷಗಿರಿ ಬಂದ. ಊರಾಚೆಯ ಬಡಾವಣೆಯಲ್ಲಿ ಅವನದು ಪೈಪು ನಲ್ಲಿಗಳ ಅಂಗಡಿ. ಮೂವರು ಹೆಣ್ಣುಮಕ್ಕಳು. ಕೆಟ್ಟವನೇನಲ್ಲ, ಆದರೆ ಅವನ ಕಣ್ಣು ಮೊದಲಿನಿಂದ ಅಚ್ಚುವಿನ ಮೇಲೆ. ಜಗಲಿಯಲ್ಲಿ ಕೂತು ಕಾಫಿ ಕುಡಿದು, ಅಂಗಳದ ಬಿಸಿಲನ್ನೂ ಬೀದಿಯ ಮಳೆಯನ್ನೂ ನೋಡಿ, "ಏನಮ್ಮ, ಮಕ್ಕಳು ಈ ಮನೆಯವರಾಗಿಲ್ಲ ಅಂತ ಮಳೆಗೇ ಗೊತ್ತಾಗಿದೆಯಲ್ಲ" ಅಂದ. ಮಂದಾಕಿನಿ ಖಾಲಿ ಲೋಟ ಎತ್ತಿಕೊಂಡಳು. "ಇನ್ನೂ ಡಬ್ಬ ಖಾಲಿ ಆಗಿಲ್ಲ ಭಾವ, ಆಗುತ್ತೆ." "ಆಗ್ಲಿ, ಆಷಾಢ ಮುಗಿಯೋ ತನಕ ಕಾಯ್ತೀನಿ. ಭೀಮನ ಅಮಾವಾಸ್ಯೆ ದಿನ ಬರ್ತೀನಿ. ಅಷ್ಟರೊಳಗೆ ಮಳೆ ಬರದಿದ್ರೆ ಹುಡುಗನ್ನ ನಾನು ಕರ್ಕೊಂಡು ಹೋಗ್ತೀನಿ. ಹುಡುಗಿ ಬೇಕಾದ್ರೆ ನಿನ್ನ ಹತ್ರಾನೇ ಇರ್ಲಿ." ಒಳಗೆ ಬಾಗಿಲ ಹಿಂದೆ ನಿಂತಿದ್ದ ಕುಮುದಾ ತಮ್ಮನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಕಾಫಿ ಲೋಟ ಒಳಗಿಡಲು ಹೋದಾಗ ಮಂದಾಕಿನಿ ಅದನ್ನು ಕಂಡಳು. ನನಗೆ ಹೇಳುವಾಗ, "ಅವಳ ಮುಷ್ಟಿ ಬಿಡಿಸೋಕೇ ಆಗ್ಲಿಲ್ಲ ಪಂಕಜಕ್ಕಾ" ಅಂದಳು.

ಮರುದಿನದಿಂದ ತೋರಣದ ಕೆಲಸ ಶುರುವಾಯಿತು. ಜಗಲಿಯಲ್ಲಿ ಹಳೆಯ ಸೀರೆ ಹಾಸಿ, ಚಳಿಗಾಲದಿಂದ ತೊಳೆದು ಒಣಗಿಸಿ ಕೂಡಿಟ್ಟಿದ್ದ ಡಬ್ಬಿಗಳನ್ನೆಲ್ಲ ಸುರಿದರು. ಊಟಕ್ಕೆ ಬಾಯಿ ಬಿಡದ ಮಕ್ಕಳು ಈ ಕೆಲಸಕ್ಕೆ ಕೂತರೆ ಎದ್ದೇಳುತ್ತಿರಲಿಲ್ಲ. ಕುಮುದಾ ಬಲು ಜೋರು. ತಂಪು ಪಾನೀಯದ ಬಾಟಲಿಯ ತಳ ಕತ್ತರಿಸಿದರೆ ಐದು ಎಸಳಿನ ಹೂವಾಗುತ್ತದೆ, ಅದಕ್ಕೆ ನೀಲಿ ಬಳಿದು ನಡುವೆ ಮಾತ್ರೆಯ ಹಾಳೆಯ ಬೆಳ್ಳಿ ಚುಕ್ಕೆ ಅಂಟಿಸುತ್ತಿದ್ದಳು. ಹಾಲಿನ ಕವರನ್ನು ಉದ್ದುದ್ದ ಸೀಳಿ ಜಡೆ ಹೆಣೆಯುತ್ತಿದ್ದಳು. "ಅಚ್ಚೂ, ಕೆಂಪು ಬಿರಡೆ ಪೋಣಿಸ್ಬೇಡ್ವೋ, ಅದು ಬೇಸಿಗೇದು! ಸೆಖೆ ಇನ್ನೂ ಜಾಸ್ತಿ ಆಗುತ್ತೆ ಅಷ್ಟೆ." ಮಂದಾಕಿನಿಗೆ ಮೊಳೆ ಕಾಯಿಸಿ ತೂತು ಮಾಡಿಕೊಡುವ ಕೆಲಸ. ಬಿಸಿ ಮೊಳೆ ಬೆರಳಿಗೆ ತಾಗಿ ಅವಳು ಹಾ ಎಂದು ಕೂಗಿದರೆ ಅಚ್ಚು ಕಿಲಕಿಲ ನಕ್ಕ. ಅವನು ಆ ಮನೆಯಲ್ಲಿ ನಕ್ಕಿದ್ದು ಅದೇ ಮೊದಲು. ಮಂದಾಕಿನಿ ಮತ್ತೊಂದು ಸಲ ಬೇಕೆಂದೇ ಕೂಗಿದಳು, ಅವನು ನಗಲಿಲ್ಲ.

ತೋರಣವೆಲ್ಲ ತಯಾರು, ನಡುಡಬ್ಬ ಒಂದು ಬಾಕಿ. ಅದಕ್ಕೆ ಅವಳು ರಸ್ಕಿನ ಡಬ್ಬವನ್ನು ಆರಿಸಿದಳು. ಬೆಳಿಗ್ಗೆ ತಾನೊಂದು ರಸ್ಕು ತಿನ್ನುವಳು, ಮಕ್ಕಳ ಕೈಗೆ ಎರಡೆರಡು ಕೊಟ್ಟು ಕೆಲಸಕ್ಕೆ ಓಡುವಳು. ಸಂಜೆ ಬಂದು "ತಿಂದ್ರಾ?" ಎಂದರೆ ಇಬ್ಬರೂ ತಲೆಯಾಡಿಸುವರು. ಡಬ್ಬ ಚೆನ್ನಾಗಿಯೇ ಖಾಲಿಯಾಯಿತು. ಮಂದಾಕಿನಿ ಹಿಗ್ಗಿ ಹೀರೇಕಾಯಿಯಾಗಿ ತಳಕ್ಕೆ ತೂತು ಹೊಡೆದಳು, ಮಕ್ಕಳು ಪೋಣಿಸಿದರು, ಬಾಗಿಲಿಗೆ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಅವಳ ಮನೆಯ ಮೇಲೆ ಒಂದು ಮೋಡ ಬಂದು ನಿಂತಿತು. ನಾವೆಲ್ಲ ಓಡೋಡಿ ತಾರಸಿಯಿಂದ ಬಟ್ಟೆ ಎತ್ತಿಕೊಂಡೆವು. ಆ ಮೋಡ ನಿಂತದ್ದು ನಿಂತೇ ಇತ್ತು, ಒಂದು ಹನಿ ಉದುರಲಿಲ್ಲ. ಅದೇ ಹೊತ್ತಿಗೆ ನನ್ನ ಮನೆಯ ಹಿತ್ತಲಲ್ಲಿ ಮೇಕೆಯ ಕೊಟ್ಟಿಗೆಯ ಮೇಲೆ ಮಾತ್ರ ಎರಡು ಪಾಲು ಮಳೆ ಧೋ ಎಂದು ಸುರಿಯತೊಡಗಿತು. ಮೇಕೆ ಅರಚಿಕೊಂಡಿತು. ನನಗೆ ಆಗಲೇ ಅನುಮಾನ ಬಂತು. ಹೋಗಿ ಅಚ್ಚುವಿನ ಕಿವಿ ಹಿಡಿದು, "ನಿಜ ಹೇಳೋ, ರಸ್ಕು ಯಾರಿಗೆ ಹಾಕ್ತಿದ್ರಿ?" ಅಂದೆ. "ನಿಮ್ ಮೇಕೆಗೆ" ಅಂದ. ಎರಡು ವಾರದಿಂದ ಅದು ಹುಲ್ಲು ಮುಟ್ಟದೆ ಗುಂಡಗಾಗಿದ್ದರ ಗುಟ್ಟು ನನಗೆ ಆಗ ಗೊತ್ತಾಯಿತು.

ಮಂದಾಕಿನಿ ಬೈಯಲಿಲ್ಲ. ತೋರಣದಿಂದ ರಸ್ಕಿನ ಡಬ್ಬವನ್ನು ಬಿಚ್ಚಿ ಒಳಗಿಟ್ಟಳು, ಮೋಡ ಹೋಗಿ ಬಿಸಿಲು ಬಂತು. ಆಮೇಲೆ ಮಕ್ಕಳ ಎದುರಿಗೇ ಕೂತು ತಿನ್ನಿಸತೊಡಗಿದಳು. ಕೊಬ್ಬರಿ ಮಿಠಾಯಿ, ಹುರಿಗಾಳು, ಖರ್ಜೂರ. ಮಕ್ಕಳು ಅವಳ ಮುಖ ನೋಡಿಕೊಂಡು ಔಷಧಿ ನುಂಗುವ ಹಾಗೆ ಒಂದೊಂದು ಬಾಯಿಗೆ ಹಾಕಿಕೊಳ್ಳುವರು. ಆ ಲೆಕ್ಕದಲ್ಲಿ ಡಬ್ಬದ ತಳ ಕಾಣುವುದಕ್ಕೆ ದೀಪಾವಳಿ ಆಗಬೇಕಿತ್ತು. ಬಸ್ ನಿಲ್ದಾಣದಲ್ಲಿ ಅವಳ ದನಿ ಬಿದ್ದುಹೋಯಿತು. ಒಂದು ದಿನ ದಕ್ಷಿಣಕ್ಕೆ ಹೋಗುವ ಬಸ್ಸನ್ನು ಉತ್ತರಕ್ಕೆ ಹೋಗುತ್ತದೆ ಎಂದು ಕೂಗಿದಳಂತೆ, ಜನ ನಂಬಿ ಹತ್ತಿದರಂತೆ. "ಅಚ್ಚು ಹೋದ್ರೆ ಕುಮುದಾ ನನ್ನ ಮುಖ ನೋಡ್ತಾಳಾ ಪಂಕಜಕ್ಕಾ? ಅವನನ್ನ ಕಳಿಸಿ ಇವಳನ್ನ ಇಟ್ಕೊಳ್ಳೋಕೆ ನಾನೇನು ರಾಕ್ಷಸೀನಾ? ಇಬ್ಬರೂ ನಂಗೆ ಬೇಕು" ಎಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೂ ಕಣ್ಣು ತುಂಬಿ ಬಂತು. ಆದರೂ ಮಾರನೆಯ ದಿನ ಸಂಡಿಗೆ ಹಿಟ್ಟು ಕಾಸಿಕೊಂಡು ಅವಳ ತಾರಸಿಗೇ ಹೋದೆ, ಬಿಸಿಲು ಹೇಗಿದ್ದರೂ ಇದ್ದೇ ಇದೆಯಲ್ಲ.

ಅಮಾವಾಸ್ಯೆಯ ಬೆಳಿಗ್ಗೆಯೂ ನಾನು ಅಲ್ಲೇ ಇದ್ದೆ. ಪಂಚೆ ಹಾಸಿ ಸಂಡಿಗೆ ಹಚ್ಚಿ ಕೆಳಗಿಳಿದು ಬರುವಾಗ ಮಂದಾಕಿನಿ ಅಡುಗೆಮನೆಯಲ್ಲಿ ಕುರ್ಚಿ ಹತ್ತಿ ಅಟ್ಟಣಿಗೆಯಿಂದ ಅಕ್ಕನ ಡಬ್ಬ ಇಳಿಸುತ್ತಿದ್ದಳು. ಕೆಳಗೆ ಮೂರು ತಟ್ಟೆ, ಬಿಸಿ ಅನ್ನ, ತುಪ್ಪದ ಗಿಂಡಿ. "ಬನ್ರೋ ಇಬ್ರೂ. ಅಮ್ಮನ ಚಟ್ನಿಪುಡಿ ತಿನ್ನೋಣ. ಇವತ್ತೇ ತಿಂದು ಮುಗಿಸೋಣ. ಇದಾದ್ರೆ ನೀವು ಬೇಡ ಅನ್ನಲ್ಲ ಅಲ್ವಾ?" ದನಿಯಲ್ಲಿ ಬಲವಂತದ ಉತ್ಸಾಹ. ಕುಮುದಾ ಗೋಡೆಗೆ ಅಂಟಿಕೊಂಡಳು. "ಬೇಡ." "ಯಾಕೆ?" "ಬೇಡ ಅಂದ್ರೆ ಬೇಡ. ಮೇಲಿಡಿ." ಮಂದಾಕಿನಿ ಡಬ್ಬವನ್ನು ಎದೆಗೆ ಒತ್ತಿಕೊಂಡೇ ಕೆಳಗಿಳಿದು ಕೂತಳು. "ಕುಮುದಾ, ದೊಡ್ಡಪ್ಪ ಬರೋ ಹೊತ್ತಾಯ್ತು. ಅಚ್ಚು ಹೋಗ್ಬಿಡ್ತಾನೆ ಕಣೆ. ಅಮ್ಮನದು ಮುಗಿದುಹೋಗುತ್ತೆ ಅಂತ ನಿಂಗೆ ಸಂಕಟ, ನಂಗೆ ಗೊತ್ತು. ನಂಗೂ ಸಂಕಟಾನೇ." ಅಷ್ಟರಲ್ಲಿ ಅಚ್ಚು ಹೋ ಎಂದು ಅಳತೊಡಗಿದ. "ನಾನಲ್ಲ ಚಿಕ್ಕಮ್ಮ, ಕಲ್ಲು ಹಾಕಿದ್ದು ನಾನಲ್ಲ!"

ಮಂದಾಕಿನಿ ಮುಚ್ಚಳ ತೆಗೆದಳು. ಒಳಗೆ ಹುಣಸೆಬೀಜ, ನಾಲ್ಕಾರು ನುಣುಪು ಕಲ್ಲು, ಅಂಗಳದ್ದು. ಪುಡಿ ಎನ್ನುವುದು ಮೂಲೆಯಲ್ಲೂ ಇರಲಿಲ್ಲ, ತಳವನ್ನು ಬೆರಳಿನಿಂದ ಒರೆಸಿ ನೆಕ್ಕಿದ ಗುರುತಿತ್ತು. ಸ್ಕೂಲಿನಿಂದ ಬಂದವರು, ಚಿಕ್ಕಮ್ಮ ಕೆಲಸದಿಂದ ಬರುವ ಮೊದಲು, ದಿನಕ್ಕೊಂದು ಚಿಟಿಕೆ, ಎರಡು ಚಿಟಿಕೆ ಎಂದು ಅಷ್ಟನ್ನೂ ತಿಂದು ಮುಗಿಸಿದ್ದರು. ಖಾಲಿಯಾದದ್ದು ಗೊತ್ತಾಗದಿರಲಿ ಎಂದು ಕುಮುದಾ ಭಾರಕ್ಕೆ ಕಲ್ಲು ತುಂಬಿದ್ದಳು. "ಕಳ್ಳಮುಂಡೇವಾ!" ಮಂದಾಕಿನಿ ಕೈ ಎತ್ತಿದಳು. ನಾನು ಬಾಗಿಲಲ್ಲಿ ನಿಂತು, ಹೊಡೆದಳು ಎಂದೇ ಅಂದುಕೊಂಡೆ. ಎತ್ತಿದ ಕೈ ಅಲ್ಲೇ ನಿಂತಿತು, ಇಳಿದು ಬಂದು ಅವಳ ಬಾಯಿಯನ್ನೇ ಮುಚ್ಚಿತು. ಭುಜ ಅಲುಗುತ್ತಿದ್ದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮೊದಲು ತಿಳಿಯಲಿಲ್ಲ. "ನಾನೂ ತಿಂದಿದೀನಿ" ಅಂದಳು.

"ಏನು?" ಕುಮುದಾ ಗೋಡೆ ಬಿಟ್ಟು ಮುಂದೆ ಬಂದಳು. "ಬೆಳಿಗ್ಗೆ ನೀವು ಏಳೋ ಮುಂಚೆ. ಒಂದೊಂದು ಚಿಟಿಕೆ. ಎರಡು ತಿಂಗಳು ತಿಂದೆ. ಆಮೇಲೆ ಬಗ್ಗಿ ನೋಡಿದ್ರೆ ಅರ್ಧಕ್ಕಿಂತ ಕೆಳಗೆ ಹೋಗಿತ್ತು. ಅಯ್ಯೋ, ತಾಯಿಲ್ಲದ ಮಕ್ಕಳದ್ದನ್ನ ನಾನೊಬ್ಬಳೇ ಇಷ್ಟು ತಿಂದ್ನಾ ಅಂತ ನಾಚಿಕೆ ಆಗಿ ಬಿಟ್ಬಿಟ್ಟೆ." ಕುಮುದಾಳ ಮುಖ ಕೆಂಡವಾಯಿತು. "ನೀವ್ಯಾಕೆ ತಿಂದ್ರಿ? ಅದು ನಮ್ಮಮ್ಮಂದು! ನಮಗೆ ಮುಟ್ಬೇಡಿ ಅಂತ ಹೇಳಿ ನೀವು ತಿಂದ್ರಾ?" "ನಿಮ್ಮಮ್ಮ ನನ್ನ ಅಕ್ಕ ಕಣೇ! ನೀನು ಹುಟ್ಟೋಕೆ ಎಷ್ಟೋ ಮುಂಚೆ ಅವಳು ನನ್ನವಳು. ನಂಗೆ ಅವಳ ನೆನಪಾಗಬಾರದಾ? ನಂಗೂ ಹೊಟ್ಟೆ ಉರಿಯುತ್ತೆ, ನಂಗೂ ಯಾರಿಲ್ಲ!" ಮೈಕಿನಲ್ಲಿ ಅಷ್ಟು ವರ್ಷ ಕೂಗಿದವಳ ಗಂಟಲು ಅದು, ಬೀದಿಯ ತನಕ ಕೇಳಿತು. ಅಚ್ಚು ಅಂಗಿಯಲ್ಲಿ ಮೂಗು ಒರೆಸಿಕೊಂಡು, ಇಬ್ಬರನ್ನೂ ನೋಡಿ, "ಹಂಗಾದ್ರೆ ಮೂರೂ ಜನ ತಿಂದಿದೀವಲ್ಲ" ಅಂದ.

ತೋರಣ ಬಾಗಿಲಲ್ಲೇ ಇತ್ತು, ನಡುವೆ ಮಾತ್ರ ಖಾಲಿ. ಮಂದಾಕಿನಿ ಕಲ್ಲು ಬೀಜ ಸುರಿದು, ಮೊಳೆ ಸುತ್ತಿಗೆ ಹುಡುಕಿ ಅಕ್ಕನ ಡಬ್ಬದ ತಳಕ್ಕೆ ತೂತು ಹೊಡೆದಳು, ಅವಸರದಲ್ಲಿ ಎರಡು ಏಟು ನೆಲಕ್ಕೂ ಬಿದ್ದವು. ಕುಮುದಾ ಮುಖ ಊದಿಸಿಕೊಂಡೇ ಹಾಲಿನ ಕವರಿನ ಜಡೆ ತಂದು ಅಂಚಿಗೆ ಪೋಣಿಸಿ ಗಂಟು ಹಾಕಿದಳು. ಅಚ್ಚು ಕುರ್ಚಿಯ ಮೇಲೆ ನಿಂತು ಹಿಡಿದುಕೊಂಡ. ಅವರು ಕಟ್ಟಿ ಮುಗಿಸುವುದಕ್ಕೂ ಶೇಷಗಿರಿಯ ಸ್ಕೂಟರು ಗೇಟಿಗೆ ಬರುವುದಕ್ಕೂ ಸರಿಹೋಯಿತು. ಅಚ್ಚುವಿಗೆಂದು ಹೊಸ ರೇನ್‌ಕೋಟು ತಂದಿದ್ದ ಪುಣ್ಯಾತ್ಮ. ಅಂಗಳದ ಬಿಸಿಲಿನಲ್ಲಿ ನಿಂತು, ಮೈಯಿಂದ ಬೀದಿಯ ಮಳೆನೀರು ಇಳಿಸಿಕೊಳ್ಳುತ್ತ, "ಸರಿ ಹಾಗಾದ್ರೆ, ಹುಡುಗನ ಬಟ್ಟೆ ಕೊಡಮ್ಮ" ಅಂದ. ಮಂದಾಕಿನಿಯ ಕಣ್ಣು ಆಕಾಶದಲ್ಲಿತ್ತು.

ಮೋಡ ಬಂದದ್ದು ನಮ್ಮ ಮನೆಯ ಕಡೆಯಿಂದ. ಬೀದಿಯ ಮಳೆಯೇ ಒಂದು ಹೆಜ್ಜೆ ಮುಂದಿಟ್ಟ ಹಾಗೆ ಗೇಟು ದಾಟಿತು, ಅಂಗಳದ ಕಾದ ಕಲ್ಲಿನ ಮೇಲೆ ಚುರ್ ಎಂದಿತು, ಶೇಷಗಿರಿಯನ್ನು ಎರಡನೆಯ ಸಲ ತೋಯಿಸಿ ಜಗಲಿಗೆ ಹತ್ತಿಸಿತು. ತಾರಸಿಯಲ್ಲಿ ನನ್ನ ಸಂಡಿಗೆ ಇತ್ತು, ಓಡಬೇಕಿತ್ತು. ಕಾಲು ಕೀಳಲಾಗಲಿಲ್ಲ. ಮಳೆ ಸೂರಿನಂಚಿಗೆ ಓರೆಯಾಗಿ ಹೊಡೆದು ನಡುಡಬ್ಬದೊಳಗೆ ಬಿತ್ತು. ತಳದ ತೂತಿನಿಂದ ಮೊದಲು ಕೆಂಪಗಿನ ನೀರು ಇಳಿಯಿತು, ಹಿಂದೆಯೇ ಹುರಿದ ಬೇಳೆ, ಇಂಗು, ಕರಿಬೇವು ಎಲ್ಲ ಸೇರಿದ ಘಮ ಜಗಲಿ ತುಂಬ ಎದ್ದಿತು. ವತ್ಸಲೆಯ ಮನೆಗೆ ಹೋದಾಗಲೆಲ್ಲ ನನಗೂ ಆ ವಾಸನೆ ಬಂದದ್ದುಂಟು. ಅಚ್ಚು ಕುಣಿಯತೊಡಗಿದ. ಕುಮುದಾ ಮಾತ್ರ ಹೊಸಿಲ ಮೇಲೆ ಹರಿಯುವ ನೀರನ್ನೇ ನೋಡುತ್ತಿದ್ದವಳು ಒಮ್ಮೆಲೇ ಚೀರಿದಳು. "ತೆಗೀರಿ ಚಿಕ್ಕಮ್ಮ! ಡಬ್ಬ ತೆಗೀರಿ! ಅಮ್ಮನ ವಾಸನೆ ಹೋಗ್ತಿದೆ!"

ಮಂದಾಕಿನಿ ಒಂದು ಗಳಿಗೆಯೂ ಯೋಚಿಸಲಿಲ್ಲ. ಕುರ್ಚಿ ಎಳೆದು ಹತ್ತಿ ಗಂಟಿಗೆ ಕೈ ಹಾಕಿದಳು. ಶೇಷಗಿರಿ ಗಾಬರಿಯಾದ. "ಏ, ತೆಗೀಬೇಡಮ್ಮ, ಮಳೆ ನಿಂತುಹೋಗುತ್ತೆ. ಆಮೇಲೆ ನನ್ನ ದೂರಬೇಡ, ಹುಡುಗನ್ನ ಕರ್ಕೊಂಡೇ ಹೋಗ್ತೀನಿ ನಾನು." "ಹೋಗ್ಲಿ ಬಿಡಿ ಮಳೆ" ಎಂದಳು ಮಂದಾಕಿನಿ ಅವನ ಕಡೆ ತಿರುಗದೆ. "ಹುಡುಗನ್ನ ಹೆಂಗೆ ಕರ್ಕೊಂಡು ಹೋಗ್ತೀರೋ ನಾನೂ ನೋಡ್ತೀನಿ." ಹೀಗೆ ಹೇಳಿದಳೇ ಹೊರತು ಮುಖ ಬಿಳಿಚಿಕೊಂಡಿತ್ತು. ಒದ್ದೆ ಪ್ಲಾಸ್ಟಿಕ್ಕಿನ ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಮಳೆ ಅವಳ ತಲೆಯ ಮೇಲೆ, ಡಬ್ಬದ ಒಳಗೆ ಸುರಿಯುತ್ತಲೇ ಇತ್ತು. ಇಳಿಯುವ ನೀರಿನ ಕೆಂಪು ತೆಳುವಾಗುತ್ತ ಬಂತು.

"ಬೇಗ ಚಿಕ್ಕಮ್ಮ!"

"ಬಿಚ್ತಿದೀನಿ ಕಣೆ, ತಡಿ. ಬರ್ತಾ ಇಲ್ಲ." ಹಲ್ಲಿನಿಂದ ಎಳೆದು ನೋಡಿದಳು. ಆಮೇಲೆ, ಗಂಟಿನ ಮೇಲೆ ಕೈ ಇಟ್ಟುಕೊಂಡೇ ತಗ್ಗಿದ ದನಿಯಲ್ಲಿ, "ಕುಮುದಾ, ಆ ಪುಡಿ ಮಾಡೋಕೆ ನಂಗೂ ಬರುತ್ತೆ. ನಿಮ್ಮಮ್ಮ ಹುರೀತಿದ್ಲು, ನಾನು ಕುಟ್ತಿದ್ದೆ. ನಾಳೆ ಮಾಡ್ತೀನಿ" ಅಂದಳು.

"ಅಮ್ಮನ ಥರ ಬರಲ್ಲ."

"ಬರಲ್ಲ. ನನ್ನ ಥರ ಬರುತ್ತೆ."

ಕುಮುದಾ ಕುರ್ಚಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದು ಮಳೆಯ ನೀರು ಮಾತ್ರವಲ್ಲ. ಶೇಷಗಿರಿ ರೇನ್‌ಕೋಟಿನ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ನಾನು ಬಾಯಿ ಮುಚ್ಚಿಕೊಂಡಿದ್ದೆ, ನನ್ನ ಮಟ್ಟಿಗೆ ಅದು ದೊಡ್ಡ ವಿಷಯ. ಹೊಸಿಲ ಮೇಲೆ ಈಗ ಬರೀ ನೀರು ಹರಿಯುತ್ತಿತ್ತು.

"ಹಂಗಾದ್ರೆ ಖಾರ ಕಮ್ಮಿ ಹಾಕಿ" ಅಂದಳು ಕುಮುದಾ ಕೊನೆಗೆ. "ಅಮ್ಮ ತುಂಬಾ ಹಾಕ್ತಿದ್ಲು. ಅಚ್ಚು ಕಣ್ಣಲ್ಲಿ ನೀರು ಬರ್ತಿತ್ತು, ಆದ್ರೂ ತಿಂತಿದ್ದ."

ಮಂದಾಕಿನಿ ಗಂಟಿನಿಂದ ಕೈ ತೆಗೆದು ಕುರ್ಚಿಯಿಂದ ಕೆಳಗಿಳಿದಳು.